ಟೋಕನ್ ನಲವತ್ತೇಳು

ಬ್ಯಾಂಕಿನ ಗೋಡೆಯ ಮೇಲಿನ ಕೆಂಪು ಅಂಕಿ ಮುಕ್ಕಾಲು ಗಂಟೆಯಿಂದ 47ರಲ್ಲೇ ನಿಂತಿತ್ತು. ನನ್ನ ಕೈಯಲ್ಲಿದ್ದದ್ದು 53. ಬೋರ್ಡು ಕೆಟ್ಟರೇನು, ಕೌಂಟರಿನಲ್ಲಿ ಕೆಲಸ ನಡೆಯುತ್ತಿದೆಯಲ್ಲ ಎಂದು ಕಾವಲುಗಾರ ಸಮಾಧಾನ ಹೇಳಿದ. ಈಗ ಎಷ್ಟನೆಯ ಟೋಕನ್ ನಡೆಯುತ್ತಿದೆ ಎಂದು ಕೇಳಿದರೆ ಬೋರ್ಡಿನತ್ತಲೇ ಬೆರಳು ತೋರಿಸಿದ. ಪಾಸ್‌ಬುಕ್ಕಿನಲ್ಲಿ ಆರು ತಿಂಗಳ ಲೆಕ್ಕ ಅಚ್ಚು ಹಾಕಿಸುವುದಷ್ಟೇ ನನ್ನ ಕೆಲಸ. ಬೇರೆಯವರಾಗಿದ್ದರೆ ಗೊಣಗಿಕೊಂಡು ಎದ್ದುಹೋಗುತ್ತಿದ್ದರು. ನಾನು ಗೊಣಗಿಕೊಂಡು ಕುಳಿತೇ ಇದ್ದೆ. ನಿಂತುಹೋದ 47 ಕಂಡರೆ ನನಗೆ ಫ್ರಾನ್ಸಿನ ಟೆನಿಸ್ ಆಟಗಾರ ನಿಕೋಲಾ ಮಾಹು ನೆನಪಾಗುತ್ತಾನೆ. ಅವನ ಏಳುಬೀಳುಗಳನ್ನು ಇಷ್ಟು ವರ್ಷ ನೋಡಿ ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

2010ರ ಜೂನ್ 23. ವಿಂಬಲ್ಡನ್‌ನ 18ನೇ ಅಂಕಣದ ಸ್ಕೋರ್ ಬೋರ್ಡು ಮಾಹುವಿನ ಪಂದ್ಯದ ಐದನೇ ಸೆಟ್ಟಿನಲ್ಲಿ 47-47ಕ್ಕೆ ಬಂದು ಹಾಗೆಯೇ ನಿಂತಿತು, ಆಮೇಲೆ ಆರಿಯೇ ಹೋಯಿತು. ಅದಕ್ಕಿಂತ ಮುಂದೆ ಎಣಿಸುವ ಪ್ರಸಂಗ ಬಂದೀತೆಂದು ಅದಕ್ಕೆ ಲೆಕ್ಕ ಕಲಿಸಿದವರಿಗೆ ತೋಚಿರಲಿಲ್ಲ. ಆಟಗಾರರು ಮಾತ್ರ ಬೋರ್ಡನ್ನು ಕೇಳಲಿಲ್ಲ, ಆಡುತ್ತಲೇ ಇದ್ದರು.

ಆ ವರ್ಷ ಅಪ್ಪ ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಕರಾವಳಿಯವರು, ಆಟವೆಂದರೆ ಅವರಿಗೆ ಯಕ್ಷಗಾನ, ಉಳಿದದ್ದೆಲ್ಲ ಮಕ್ಕಳಾಟಿಕೆ. ಪತ್ರಿಕೆಯಲ್ಲಿ ‘ಮಹುತ್’ ಎಂದು ಬಂದಿತ್ತು. ಫ್ರೆಂಚರು ಕೊನೆಯ ಅಕ್ಷರವನ್ನು ನುಂಗಿಬಿಡುತ್ತಾರೆ ಅಪ್ಪ, ‘ಮಾಹು’ ಎನ್ನಬೇಕು ಎಂದು ನಾನು ಪಂಡಿತಿಕೆ ತೋರಿಸಿದೆ. ಅಪ್ಪ ಎರಡನ್ನೂ ಪಕ್ಕಕ್ಕಿಟ್ಟು ‘ಮಾವುತ’ ಎಂದರು. ಎದುರಿಗೆ ನಿಂತವನು ಆರಡಿ ಹತ್ತಿಂಗುಲದ ಅಮೆರಿಕನ್, ಜಾನ್ ಇಸ್ನರ್. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಬದಲಾಯಿಸಲು ಯಾರಿಂದಲೂ ಆಗಲಿಲ್ಲ.

ಹಿಂದಿನ ರಾತ್ರಿ ಎರಡೆರಡು ಸೆಟ್ ಹಂಚಿಕೊಂಡು ಮಲಗಿದ್ದವರು ಐದನೆಯದನ್ನು ಶುರುಮಾಡಿದಾಗ ನಮ್ಮಲ್ಲಿ ಸಂಜೆ ಆರೂವರೆ. ಅಪ್ಪ ದೇವರಿಗೆ ದೀಪ ಹಚ್ಚಿ ಬಂದು ಒಮ್ಮೆ ಇಣುಕಿದರು. ಊಟವಾಯಿತು, ಇಣುಕಿದರು. ಎಲೆ ಅಡಿಕೆ ಹಾಕಿಕೊಂಡು ಬಂದು, “ನಿನ್ನ ಮಾವುತ ಆನೆಯಿಂದ ಇನ್ನೂ ಇಳಿಯಲಿಲ್ಲವೇನೋ?” ಎಂದು ಕೇಳಿ ಮಲಗಲು ಹೋದರು. ರಾತ್ರಿ ಒಂದಕ್ಕೆ ನೀರು ಕುಡಿಯಲು ಎದ್ದವರು ಟಿವಿಯ ಬೆಳಕು ಕಂಡು ಬಂದು ನನ್ನ ಪಕ್ಕದಲ್ಲಿ ಕುಳಿತರು. ಆಮೇಲೆ ಏಳಲಿಲ್ಲ. ಅಂಪೈರ್ ಮೊಹಮದ್ ಲಹ್ಯಾನಿ ಆ ಎತ್ತರದ ಕುರ್ಚಿ ಬಿಟ್ಟು ಇಳಿಯದ್ದು ಅವರಿಗೆ ಬಹಳ ಹಿಡಿಸಿತು. ಭಾಗವತರ ಹಾಗೆ ಕುಳಿತಿದ್ದಾನೆ ಎಂದರು. ಒಂದೂ ನಲವತ್ತರ ಹೊತ್ತಿಗೆ, 59-59 ಆದಾಗ, ಕತ್ತಲಾಯಿತೆಂದು ಆಟ ನಿಲ್ಲಿಸಿದರು. ಅಪ್ಪನಿಗೆ ನಿಜವಾಗಿ ಸಿಟ್ಟು ಬಂತು. “ಕತ್ತಲಾಯಿತು ಎಂದು ಆಟ ನಿಲ್ಲಿಸುತ್ತಾರೆಯೇ? ನಮ್ಮಲ್ಲಿ ಶುರುವಾಗುವುದೇ ಕತ್ತಲಾದ ಮೇಲೆ!”

ಮರುದಿನ ಇಬ್ಬರೂ ಬೇಗ ಊಟ ಮುಗಿಸಿ ಟಿವಿಯ ಮುಂದೆ ಕುಳಿತೆವು. ಒಂಬತ್ತಕ್ಕೆ ಐದು ನಿಮಿಷವಿರುವಾಗ ಕರೆಂಟ್ ಹೋಯಿತು. ಮೊಬೈಲಿನಲ್ಲಿ ಆಟ ನೋಡುವ ಕಾಲ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಒಂಬತ್ತೂ ಹದಿನೇಳಕ್ಕೆ ಪಂದ್ಯ ಮುಗಿಯಿತು. ಒಂಬತ್ತೂ ಇಪ್ಪತ್ತಕ್ಕೆ ಕರೆಂಟ್ ಬಂತು. ಮೂರು ದಿನ, ಹನ್ನೊಂದು ಗಂಟೆ ಐದು ನಿಮಿಷ, 183 ಗೇಮ್‌ಗಳ ಪಂದ್ಯದಲ್ಲಿ ನನ್ನ ಪಾಲಿಗೆ ತಪ್ಪಿದ್ದು ಕೊನೆಯ ಹೊಡೆತ. ನಾವು ಕಂಡದ್ದು ಕುರ್ಚಿಯಲ್ಲಿ ಕುಸಿದು, ತಲೆಗೆ ಟವೆಲ್ ಹೊದ್ದು ಕುಳಿತಿದ್ದ ಮಾಹುವನ್ನು. 70-68. ಅಪ್ಪ ಏನೂ ಹೇಳದೆ ಎದ್ದುಹೋದರು. ವಿದ್ಯುತ್ತಿನವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕ್ಷಮಿಸದ ಇನ್ನೊಂದು ವರ್ಗವಿದೆ. “ಈ ಪಂದ್ಯದಲ್ಲಿ ಇಬ್ಬರೂ ಗೆದ್ದರು” ಎನ್ನುವವರು. ಇಬ್ಬರೂ ಗೆದ್ದಿದ್ದರೆ ಆ ಟವೆಲ್ಲಿನಡಿ ಕುಳಿತಿದ್ದವನು ಯಾರು? ಅವನನ್ನು ಅಲ್ಲಿಂದ ಎಬ್ಬಿಸಿ, ಕೈಗೆ ಗಾಜಿನ ಬಟ್ಟಲೊಂದನ್ನು ಕೊಟ್ಟು, ಸ್ಕೋರ್ ಬೋರ್ಡಿನ ಪಕ್ಕದಲ್ಲಿ ಇಸ್ನರನ ಜೊತೆ ನಿಲ್ಲಿಸಿ ಫೋಟೋ ತೆಗೆದರು. ಮದುವೆ ಮುರಿದುಬಿದ್ದವನನ್ನು ಗ್ರೂಪ್ ಫೋಟೋಗೆ ಕರೆದ ಹಾಗೆ. ಅದೇ ಅಂಕಣದಲ್ಲಿ ಫಲಕ ಬೇರೆ ಹಾಕಿದ್ದಾರೆ. ಮಾಹು 502 ಪಾಯಿಂಟ್ ಗಳಿಸಿದ್ದ, ಇಸ್ನರ್ 478. ಹೆಚ್ಚು ಗಳಿಸಿದವನೇ ಸೋತ.

ಇನ್ನೂ ಒಂದು ಲೆಕ್ಕ ನನ್ನನ್ನು ಕಾಡುತ್ತದೆ. ಐದನೇ ಸೆಟ್ಟಿನಲ್ಲಿ ಮೊದಲ ಸರ್ವ್ ಇಸ್ನರನದು. ಹಾಗಾಗಿ 5-4 ಆದ ಗಳಿಗೆಯಿಂದ ಮಾಹು ಪ್ರತಿ ಸಲ ಚೆಂಡು ಕೈಗೆತ್ತಿಕೊಂಡದ್ದೂ ಹಿಂದೆ ಬಿದ್ದವನಾಗಿಯೇ. ಆ ಗೇಮ್ ಹೋದರೆ ಎಲ್ಲವೂ ಹೋಯಿತು. 64 ಸಲ ಉಳಿಸಿಕೊಂಡ. 65ನೇ ಸಲ ಆಗಲಿಲ್ಲ. ಅವನನ್ನು ಜಗತ್ತು ಗುರುತಿಸುವುದು ಆ ಒಂದು ಸಲದಿಂದ. ಗೆದ್ದ ಇಸ್ನರನಾದರೂ ಮರುದಿನವೇ ಒಂದೇ ಒಂದು ಏಸ್, ಅಂದರೆ ಎದುರಾಳಿ ಮುಟ್ಟಲಾಗದ ಸರ್ವ್, ಹೊಡೆಯಲಾಗದೆ, ಒಂದೂಕಾಲು ಗಂಟೆಯೊಳಗೆ ಸೋತು ಮನೆಗೆ ಹೋದ. ಮುಂದಿನ ವರ್ಷ ವಿಂಬಲ್ಡನ್‌ನವರು ಚೀಟಿ ಎತ್ತಿದಾಗ ಮಾಹುವಿಗೆ ಮೊದಲ ಸುತ್ತಿನಲ್ಲಿ ಯಾರು ಸಿಕ್ಕಿದರು? ಅದೇ ಇಸ್ನರ್. ಈ ಸಲ ಮಾಹು ಎರಡು ಗಂಟೆಯಲ್ಲಿ, ನೇರ ಸೆಟ್‌ಗಳಲ್ಲಿ ಸೋತ. ವಿಧಿಗೂ ಒಂದು ಮಿತಿ ಬೇಡವೇ?

ಅದಕ್ಕೆ ಮುಂಚಿನದೇನೂ ಬೇರೆಯಲ್ಲ. ಆಂಜೆ ಊರಿನ ಈ ಹುಡುಗ 2000ದಲ್ಲಿ ವಿಂಬಲ್ಡನ್ ಜೂನಿಯರ್ ಚಾಂಪಿಯನ್. 2007ರಲ್ಲಿ ಲಂಡನ್ನಿನ ಕ್ವೀನ್ಸ್ ಕ್ಲಬ್ ಟೂರ್ನಿಯಲ್ಲಿ ನಡಾಲನನ್ನು ಸೋಲಿಸಿ ಫೈನಲ್ ತಲುಪಿದ. ಆ್ಯಂಡಿ ರಾಡಿಕ್ ಎದುರು ಮ್ಯಾಚ್ ಪಾಯಿಂಟ್ ಕೈಯಲ್ಲಿದ್ದರೂ ಸೋತ. 2013ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಜನರ ಮುಂದೆ ಡಬಲ್ಸ್ ಫೈನಲನ್ನು ಕೊನೆಯ ಟೈಬ್ರೇಕ್‌ನಲ್ಲಿ, ಸಮಸಮವಾದ ಸೆಟ್ಟನ್ನು ಮುಗಿಸುವ ಆ ಕಿರು ಆಟದಲ್ಲಿ, ಅಮೆರಿಕದ ಬ್ರಯಾನ್ ಸಹೋದರರಿಗೆ ಬಿಟ್ಟುಕೊಟ್ಟ. ಇಷ್ಟಾದ ಮೇಲೆ, ಅದೇ ಜೂನ್ ತಿಂಗಳಲ್ಲಿ, 31ನೇ ವಯಸ್ಸಿನಲ್ಲಿ, ಮೊದಲ ಸಿಂಗಲ್ಸ್ ಪ್ರಶಸ್ತಿ ಗೆದ್ದ. ನೆದರ್ಲೆಂಡ್ಸಿನ ಆ ಊರಿನ ಹೆಸರನ್ನು ಉಚ್ಚರಿಸುವ ಸಾಹಸಕ್ಕೆ ನಾನು ಹೋಗುವುದಿಲ್ಲ; ಅಪ್ಪ ಇದ್ದಿದ್ದರೆ ಏನಾದರೊಂದು ಹೆಸರಿಡುತ್ತಿದ್ದರು.

ಆಮೇಲೆ ಡಬಲ್ಸ್‌ಗೆ ಪಿಯೆರ್-ಯೂಗ್ ಎರ್ಬೆರ್ ಎಂಬ ಜೊತೆಗಾರ ಸಿಕ್ಕಿದ. 2015ರ ಅಮೆರಿಕ ಓಪನ್. 2016ರಲ್ಲಿ ಅದೇ ವಿಂಬಲ್ಡನ್, ಅದೇ ವರ್ಷ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನ. ಮುಂದೆ ಪ್ಯಾರಿಸ್, ಮೆಲ್ಬರ್ನ್. ನಾಲ್ಕೂ ಗ್ರ್ಯಾನ್‌ಸ್ಲಾಮ್ ಗೆದ್ದವನು. ಹೇಳಿದರೆ ಜನ, “ಓ, ಆ ಉದ್ದದ ಪಂದ್ಯದಲ್ಲಿ ಸೋತವನಲ್ಲವೇ?” ಎನ್ನುತ್ತಾರೆ. ಡಬಲ್ಸ್ ಗೆಲುವನ್ನು ಅರ್ಧ ಗೆಲುವೆಂದು ಎಣಿಸುವ ಈ ಚಟ ಎಲ್ಲಿಂದ ಬಂತೋ. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಒಂದನೇ ಸ್ಥಾನಕ್ಕೇರಿದಾಗಲೂ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದವರಿಲ್ಲ. ಬೋಪಣ್ಣ, ಮಾಹು ಇಬ್ಬರೂ ಕೊನೆಯದಾಗಿ ಆಡಿದ್ದು 2025ರ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ.

ಆ 70-68ರ ದಾಖಲೆಯನ್ನು ಇನ್ನು ಯಾರೂ ಮುರಿಯಲಾರರು. ನಿಯಮವನ್ನೇ ಬದಲಾಯಿಸಿ, ಕೊನೆಯ ಸೆಟ್ 6-6 ಆದರೆ ಟೈಬ್ರೇಕ್ ಎಂದು ಮಾಡಿದ್ದಾರೆ. ಸೋಲಿಗೆ ಅಂಥ ಭದ್ರತೆ ಬೇರೆ ಯಾರಿಗೂ ಸಿಕ್ಕಿರಲಾರದು. ನನ್ನ ತೀರ್ಮಾನವೂ ಅದಕ್ಕೇ ಸಂಬಂಧಿಸಿದ್ದು. ಏನೆಂದರೆ...

“ಸರ್ವರ್ ಡೌನ್ ಆಗಿದೆ. ಉಳಿದವರು ನಾಳೆ ಬನ್ನಿ.” ಕೌಂಟರಿನ ಹುಡುಗ ಎದ್ದುನಿಂತು ಕೂಗಿದ. ಬೋರ್ಡು 47 ಎನ್ನುತ್ತಲೇ ಇತ್ತು. 59-59ಕ್ಕೆ ನಿಂತದ್ದು ಮರುದಿನ 59-59ರಿಂದಲೇ ಶುರುವಾಗಿತ್ತಲ್ಲ ಎಂಬ ಧೈರ್ಯದಲ್ಲಿ ನಾನು ಹತ್ತಿರ ಹೋಗಿ, ಈ ಟೋಕನ್ ನಾಳೆ ನಡೆಯುತ್ತದೆಯೇ ಎಂದು ಕೇಳಿದೆ.

ಅವನು ಅದನ್ನು ಇಸಿದುಕೊಂಡು ಡಬ್ಬಿಗೆ ಹಾಕಿದ. “ನಾಳೆ ಹೊಸದು ತೆಗೆದುಕೊಳ್ಳಬೇಕು ಸರ್. ಒಂದರಿಂದ ಶುರು.”