ಸತ್ಯಾಂಶ: ಹೆದರಿಸಿದರೆ ಮಕ್ಕಳು ಡ್ರಗ್ಸ್ ಮುಟ್ಟುವುದಿಲ್ಲವೇ?

"ಶಾಲೆಗೆ ಮಾಜಿ ವ್ಯಸನಿಯೊಬ್ಬರನ್ನು ಕರೆಸಿ, ಭೀಕರ ಫೋಟೊ ತೋರಿಸಿ, ಮಕ್ಕಳು ಜನ್ಮದಲ್ಲಿ ಡ್ರಗ್ಸ್ ಮುಟ್ಟುವುದಿಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಉದ್ದೇಶ ಒಳ್ಳೆಯದೇ, ವಿಧಾನ ತಪ್ಪು.

ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾನದಂಡಗಳು ಬರೀ ಭಾಷಣ, ಭಯ ಹುಟ್ಟಿಸುವುದು, ಮಾಜಿ ವ್ಯಸನಿಗಳ ಅನುಭವ ಕಥನ ಈ ಮೂರನ್ನೂ ಫಲ ಕೊಡದ, ಕೆಲವೊಮ್ಮೆ ತಿರುಗುಬಾಣವಾಗುವ ಕ್ರಮಗಳ ಸಾಲಿಗೆ ಸೇರಿಸಿವೆ. "ಒಂದೇ ಸಲಕ್ಕೆ ಸಾಯ್ತೀರಿ" ಎಂದು ಕೇಳಿಸಿಕೊಂಡ ಹುಡುಗ, ಸೇದಿಯೂ ಆರಾಮಾಗಿರುವ ಗೆಳೆಯನನ್ನು ಕಂಡ ದಿನ ನಮ್ಮ ನಿಜವಾದ ಎಚ್ಚರಿಕೆಗಳನ್ನೂ ನಂಬುವುದು ಬಿಡುತ್ತಾನೆ.

ಫಲ ಕೊಡುವುದು ತರಬೇತಿ ಪಡೆದವರು ವಾರಕ್ಕೊಂದರಂತೆ ನಡೆಸುವ 10ರಿಂದ 15 ತರಗತಿಗಳು, ಮುಂದಿನ ವರ್ಷಗಳಲ್ಲಿ ಅವುಗಳ ಪುನರಾವರ್ತನೆ. ಈ ತರಗತಿಗಳಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ಕೂರುತ್ತಾರೆ. ಒಬ್ಬ "ಒಂದ್ಸಲ ನೋಡೋ, ಏನಾಗಲ್ಲ" ಎಂದು ಒತ್ತಾಯಿಸಿದರೆ, ಇನ್ನೊಬ್ಬ ಸ್ನೇಹ ಕೆಡದಂತೆ ಬೇಡ ಎನ್ನುವುದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡುತ್ತಾನೆ. "ಎಲ್ಲರೂ ತಗೊಳ್ತಾರೆ" ಎಂಬ ತಪ್ಪು ಅಂದಾಜನ್ನೂ ಅಲ್ಲೇ ತಿದ್ದಬೇಕು.

ಮಾದಕವಸ್ತು ನೀತಿಯ ಸಲಹೆಗಾರರಾಗಲು ಹೊರಟವರು ಹಾಜರಾತಿಯ ಲೆಕ್ಕಕ್ಕೆ ಮರುಳಾಗಬಾರದು. ವರ್ಷದ ನಂತರ ಎಷ್ಟು ಮಂದಿ ಬಳಕೆ ಶುರುಮಾಡಿದ್ದಾರೆ ಎಂಬುದನ್ನು, ಕಾರ್ಯಕ್ರಮ ನಡೆಯದ ಶಾಲೆಗಳ ಜೊತೆ ಹೋಲಿಸಿ ಕೇಳಬೇಕು. ಚೇತರಿಸಿಕೊಂಡವರ ಅನುಭವವಂತೂ ಅಮೂಲ್ಯ. ಚಿಕಿತ್ಸೆಯ ನೀತಿ ರೂಪಿಸುವ ಸಭೆಯಲ್ಲಿ ಅವರಿಗೊಂದು ಕುರ್ಚಿ ಇರಲೇಬೇಕು.