ಆ ಭಾಗ ನಂದಲ್ಲ ಅಪ್ಪ

ಮೈಸೂರಿಂದ ಈಗಷ್ಟೇ ಮಂಡ್ಯಕ್ಕೆ ಬಂದೆ. ಇನ್ನೂ ಕೈಕಾಲು ತೊಳೆದಿಲ್ಲ, ಹೊಟ್ಟೆ ಉರೀತಿದೆ, ಅದಕ್ಕೇ ಮೊದಲು ಇಲ್ಲಿ ಬರೀತಿದ್ದೀನಿ.

ಮಗಳು ಅಜ್ಜಿ ಮನೇಲಿದ್ದು ಏಳನೇ ಕ್ಲಾಸ್ ಓದ್ತಿರೋದು ನಿಮಗೆಲ್ಲ ಗೊತ್ತು. ಇವತ್ತು ಅವರ ಶಾಲೇಲಿ ಗ್ರೂಪ್ ಪ್ರಾಜೆಕ್ಟ್ ಪ್ರದರ್ಶನ. ಆರು ಮಕ್ಕಳು ಸೇರಿ ಥರ್ಮಾಕೋಲಲ್ಲಿ ಕನ್ನಂಬಾಡಿ ಕಟ್ಟೆ ಮಾಡಿದ್ರು. ಮೋಟರ್ ಇಟ್ಟು ನೀರು ಬೇರೆ ಹರಿಸಿದ್ರು. ಮೇಲೆ ಬಂಗಾರದ ಬಣ್ಣದ ಕಾಗದದಲ್ಲಿ 124.80 ಅಂತ ಬರೆದಿತ್ತು. "ಇದೇನಮ್ಮ ಈ ನಂಬರು?" ಅಂದೆ.

"ಆ ಭಾಗ ನಂದಲ್ಲ ಅಪ್ಪ. ಅದು ಲೀಡರ್‌ದು. ನಂದು ಪೇಂಟಿಂಗ್."

ಮಂಡ್ಯದ ಮಗು! ನಾಲೆಗೆ ನೀರು ಬಿಡ್ತಾರೋ ಇಲ್ವೋ ಅಂತ ನಮ್ಮೂರಲ್ಲಿ ದಿನಾ ಬೆಳಿಗ್ಗೆ ಪೇಪರಲ್ಲಿ ಹುಡುಕೋ ಲೆಕ್ಕ ಅದು. ಕಟ್ಟೆ ಪೂರ್ತಿ ತುಂಬಿ ಅಷ್ಟು ಅಡಿ ಮುಟ್ಟಿದ ದಿನ ನನ್ನಪ್ಪ ಮನೇಲಿ ಪಾಯಸ ಮಾಡಿಸ್ತಿದ್ರು. ಆರೂ ಜನಕ್ಕೂ ಎ ಪ್ಲಸ್ ಕೊಟ್ಟಿದ್ದಾರೆ.

ಮಗಳ ಮೇಲೆ ಕೋಪ ಇಲ್ಲ. ಒಬ್ಬ ಓದಿ, ಒಬ್ಬ ಬರೆದು, ಮಿಕ್ಕ ನಾಲ್ವರು ಗೋಂದು ಹಚ್ಚಿ, ಎಲ್ಲರಿಗೂ ಒಂದೇ ಗ್ರೇಡ್ ಕೊಟ್ಟು ಅದನ್ನ ಟೀಮ್‌ವರ್ಕ್ ಅಂತಾರಲ್ಲ, ಅದರ ಮೇಲೆ ಕೋಪ. ನಾಟಿ ಹಾಕೋ ಗದ್ದೆ ನೋಡಿ. ಮುಯ್ಯಾಳಾಗಿ ಹತ್ತು ಹೆಂಗಸರು ಇಳೀತಾರೆ, ಆದ್ರೆ ಒಬ್ಬೊಬ್ಬರ ಮುಂದಿನ ಜಾಗ ಅವರವರದ್ದೇ. ಒಬ್ಬಳು ಪೈರು ಊರದೇ ಬಿಟ್ರೆ ಬದುವಿನ ಮೇಲೆ ನಿಂತವರಿಗೆಲ್ಲ ಕಾಣುತ್ತೆ. ಶಾಲೇಲಿ ಅದೇ ಖಾಲಿ ಜಾಗದ ಮೇಲೆ ಚಾರ್ಟ್ ಅಂಟಿಸ್ತೀವಿ.

ನಾನೂ ಅಂಟಿಸಿದವನೇ. ಗಣಿತದ ಮೇಷ್ಟ್ರಾದ ಮೊದಲ ವರ್ಷಗಳಲ್ಲಿ ಪ್ರತಿ ಗುಂಪಿಗೂ ಜಾಣ ಹುಡುಗನ್ನ ಲೀಡರ್ ಮಾಡ್ತಿದ್ದೆ. ಒಂದು ಹುಡುಗಿ ವರ್ಷವಿಡೀ ಅವನಿಗೆ ಸ್ಕೇಲು, ಪೆನ್ಸಿಲು ಎತ್ತಿಕೊಟ್ಟಳು. ಗುಂಪಿಗೆ ಒಳ್ಳೇ ಮಾರ್ಕ್ಸು ಬಂತು. ಹತ್ತನೇ ಕ್ಲಾಸಲ್ಲಿ ಅವಳು ಗಣಿತದಲ್ಲಿ ಫೇಲಾದಳು, ಓದು ನಿಂತೋಯ್ತು. ಅವಳಿಗೆ ಏನು ಅರ್ಥ ಆಗ್ತಿಲ್ಲ ಅಂತ ನಾನು ಒಂದು ದಿನಾನೂ ಕೇಳಿರಲಿಲ್ಲ.

ಅಮೆರಿಕದಲ್ಲಿರೋ ತಂಗಿ 'ಆವಿಡ್' ಅನ್ನೋ ಕ್ಲಾಸಿನ ಬಗ್ಗೆ ಹೇಳಿದ್ಲು. 1980ರಲ್ಲಿ ಸ್ಯಾನ್ ಡಿಯಾಗೋದ ಇಂಗ್ಲಿಷ್ ಟೀಚರ್ ಮೇರಿ ಕ್ಯಾಥರಿನ್ ಸ್ವಾನ್ಸನ್ 32 ಮಕ್ಕಳೊಂದಿಗೆ ಶುರು ಮಾಡಿದ್ದು. ಸಾಧಾರಣ ಮಾರ್ಕ್ಸಿನ, ಮನೇಲಿ ಯಾರೂ ಕಾಲೇಜು ಕಾಣದ ಮಕ್ಕಳನ್ನ ಕಾಲೇಜಿಗೆ ತಯಾರು ಮಾಡೋದು. ಈಗ ಮಿಡ್ಲ್ ಸ್ಕೂಲಲ್ಲೂ ಇದೆ. ಅಲ್ಲೂ ಗುಂಪಲ್ಲೇ ಓದು. ಆದ್ರೆ ಪ್ರತಿ ಮಗೂನೂ ತಾನು ಎಲ್ಲಿ ಸಿಕ್ಕಿಕೊಂಡಿದ್ದೀನಿ ಅಂತ ಬರ್ಕೊಂಡು ಬರಬೇಕು, ಬೋರ್ಡ್ ಮುಂದೆ ನಿಲ್ಲಬೇಕು. ಮಿಕ್ಕವರು ಉತ್ತರ ಹೇಳೋ ಹಾಗಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು.

ಇದನ್ನೇ ಶನಿವಾರದ ನಮ್ಮ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆಯ ತರಗತಿಗೆ ತಂದೆ. ಎಂಟನೇ ಕ್ಲಾಸಿನ ಮಕ್ಕಳು, ಪಾಸಾಗಿ ಆಯ್ಕೆಯಾದ್ರೆ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತೆ. ಎರಡು ಪತ್ರಿಕೆ, 90 ಪ್ರಶ್ನೆ ಒಂದೊಂದರಲ್ಲೂ. ಆ ಹಾಲ್‌ನಲ್ಲಿ ಲೀಡರ್ ಪಕ್ಕದಲ್ಲಿ ಕೂತಿರಲ್ಲ.

ಹೋದ ಶನಿವಾರ ಮಾತೇ ಆಡದ ಹುಡುಗಿಯೊಬ್ಬಳು ಬೋರ್ಡ್ ಮುಂದೆ ನಿಂತಳು. ಕಟ್ಟೆ ಮೇಲಿಂದ ಒಂದಡಿ ಇಳಿದ್ರೂ ತಳದಲ್ಲಿ ಒಂದಡಿ ಇಳಿದ್ರೂ ಹೋಗೋ ನೀರು ಒಂದೇ ಅಲ್ವಾ, ಇದು ಅವಳ ಅನುಮಾನ. ಒಬ್ಬಳು ಕೇಳಿದ್ಲು: "ಬಾಣಲೆಗೆ ಒಂದೊಂದೇ ಲೋಟ ನೀರು ಹಾಕಿದ್ರೆ ಮಟ್ಟ ಒಂದೇ ಸಮ ಏರುತ್ತೇನೇ?" ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಆಮೇಲೆ ಬೋರ್ಡ್ ಮುಂದಿದ್ದವಳೇ ಬಾಣಲೆ ಬರೆದು, "ಮೇಲೆ ಅಗಲ ಸಾರ್! ಮೇಲಿನ ಒಂದಡೀಲೇ ಜಾಸ್ತಿ ನೀರು" ಅಂದಳು. ನನ್ನ ಕಣ್ಣು ತುಂಬಿತು. ಖಾಲಿ ಹಾಳೆ ಕೊಡ್ತಿದ್ದ ಮೂವರು ಈಗ ಟೆಸ್ಟಲ್ಲಿ ಮೊದಲ ಎರಡು ಹಂತ ತಾವೇ ಬರೀತಿದ್ದಾರೆ.

"ಅರವತ್ತು ಮಕ್ಕಳ ಕ್ಲಾಸಲ್ಲಿ ಇದಕ್ಕೆಲ್ಲ ಟೈಮೆಲ್ಲಿ ಸಾರ್, ಸಿಲಬಸ್ ಮುಗೀಬೇಕಲ್ಲ" ಅಂತ ಸಹೋದ್ಯೋಗಿಗಳು ಹೇಳ್ತಾರೆ. ಥರ್ಮಾಕೋಲ್ ಕತ್ತರಿಸೋಕೆ ಮೂರು ವಾರ ಸಿಗುತ್ತೆ, ಒಂದು ಮಗು ಬಾಯಿಬಿಡೋಕೆ ಹತ್ತು ನಿಮಿಷ ಸಿಗಲ್ವಾ? ಅವರ ಮಾತು ನಾನು ಒಪ್ಪಲ್ಲ.

ಸೋಮವಾರ ರಜೆ ಹಾಕಿ ಮತ್ತೆ ಮೈಸೂರಿಗೆ ಹೋಗ್ತಿದ್ದೀನಿ. ಆರು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೂರಿಸ್ಕೊಂಡು ಆ ಕಟ್ಟೆ ಬಗ್ಗೆ ಒಂದೊಂದು ಪ್ರಶ್ನೆ ಕೇಳಿ ಅಂತ ಟೀಚರಮ್ಮನ್ನ ಕೇಳ್ಕೋತೀನಿ. ಎ ಪ್ಲಸ್ ಹೋದ್ರೆ ಹೋಗ್ಲಿ. ಬರಬೇಡಪ್ಪ ಅಂತ ಮಗಳು ಆಗಲೇ ಎರಡು ಸಲ ಫೋನ್ ಮಾಡಿದ್ದಾಳೆ.