ಕರ್ತೃಪದ ಕಾಣೆಯಾಗಿದೆ

ಈಚೆಗೆ ಕೋಲಾರದಲ್ಲಿ ಒಂದು ವಿಚಾರ ಸಂಕಿರಣ. ವಿಷಯ, ‘ಕೆರೆ ಸಂರಕ್ಷಣೆ ಮತ್ತು ನೈತಿಕ ಮೌಲ್ಯಗಳು’. ಸಭಾಂಗಣದ ಹೆಸರು ಬೇಡ. ಅದಿರುವುದು ಕೆರೆಯಂಗಳದಲ್ಲಿ ಅಂದರೆ ಸಾಕು, ಹತ್ತು ಕಟ್ಟಡದವರು ನಮ್ಮದೇ ಇರಬೇಕು ಅಂತ ಗಾಬರಿಯಾಗುತ್ತಾರೆ.

ಮೂವತ್ತು ವರ್ಷ ಕನ್ನಡ ವ್ಯಾಕರಣ ಹೇಳಿಕೊಟ್ಟ ಚಟ ನನ್ನದು. ವಿಚಾರ ಬಿಟ್ಟು ಕ್ರಿಯಾಪದ ಎಣಿಸುತ್ತ ಕೂತೆ. ಹೂಳೆತ್ತಬೇಕಾಗಿದೆ. ಜಾಲಿ ಕೀಳಬೇಕಾಗಿದೆ. ಜಾಗೃತಿ ಮೂಡಿಸಬೇಕಾಗಿದೆ. ನಲವತ್ತೊಂದಕ್ಕೆ ಎಣಿಕೆ ನಿಲ್ಲಿಸಿದೆ. ಒತ್ತುವರಿ ಕಥೆ ಏನು ಅಂತ ಯಾರೋ ಕೇಳಿದ್ದಕ್ಕೆ ‘ತೆರವುಗೊಳಿಸಲಾಗುವುದು’ ಎಂಬ ಉತ್ತರ ಬಂತು. ಯಾರು ತೆರವುಗೊಳಿಸುವವರು? ಕರ್ತೃಪದ ನಮ್ಮ ರಾಜಕಾಲುವೆಯ ಹಾಗೆ, ನಕ್ಷೆಯಲ್ಲಿದೆ, ಜಾಗದಲ್ಲಿಲ್ಲ. ಡಿ.ವಿ.ಜಿ. ಹುಟ್ಟಿದ ಮುಳಬಾಗಿಲು ಪಕ್ಕದಲ್ಲೇ ಇರುವುದರಿಂದ ಭಾಷಣಕಾರರಿಂದ ತಲೆಗೊಂದು ಮುಕ್ತಕವೂ ಆಯಿತು.

ಮುಖ್ಯ ಅತಿಥಿಗಳು ತತ್ವಶಾಸ್ತ್ರದ ಪ್ರೊಫೆಸರರು. ‘ಒಳ್ಳೆಯದು’ ಎಂಬುದಕ್ಕೆ ಲಕ್ಷಣ ಹೇಳಲು ಬರುವುದಿಲ್ಲ ಎಂದು 1903ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಮೂರ್ ಹೇಳಿದ್ದನ್ನು ವಿವರಿಸಿದರು. ನಮ್ಮವರು ಆ ಗೋಜಿಗೇ ಹೋಗಿಲ್ಲ. 1936ರಲ್ಲಿ ಏಯರ್ ಎಂಬಾತ, ‘ಕದ್ದದ್ದು ತಪ್ಪು’ ಎಂದರೆ ಕದ್ದ ಸಂಗತಿಗೆ ಹೊಸದೇನೂ ಸೇರಿಸಿದಂತಲ್ಲ, ಮುಖ ಸಿಂಡರಿಸಿದಂತೆ ಅಷ್ಟೆ ಅಂದನಂತೆ. ಇದು ಹೊಂದಿತು. ‘ಕೆರೆ ಒತ್ತುವರಿ ಖಂಡನೀಯ’ ಎಂದ ಅಧ್ಯಕ್ಷರ ಸಿಂಡರಿಸಿದ ಮುಖ ಕುರ್ಚಿಗೆ ವಾಪಸಾಗುವಷ್ಟರಲ್ಲಿ ಸರಿಹೋಗಿತ್ತು.

ಫಜೀತಿಗೆ ಸಿಕ್ಕಿದವನು ಹೇರ್ ಎಂಬ ಇನ್ನೊಬ್ಬ ತತ್ವಜ್ಞಾನಿ. 1952ರಲ್ಲಿ ಅವನ ವಾದ, ‘ಮಾಡಬೇಕು’ ಎನ್ನುವ ಮಾತಿನೊಳಗೆ ಆಜ್ಞೆ ಇದೆ. ಮನಸಾರೆ ಹಾಗೆಂದವನು ತನಗೂ ಅದನ್ನೇ ವಿಧಿಸಿಕೊಂಡ ಹಾಗೆ. ಪಾಪ, ಆಕ್ಸ್‌ಫರ್ಡಿನವನು. ‘ಬೇಕು’ ಅಂದವನನ್ನು ಅವನು ಹಿಡಿದುಹಾಕಬಲ್ಲ. ‘ಬೇಕಾಗಿದೆ’ ಅಂದವನನ್ನು ಏನು ಮಾಡುತ್ತಾನೆ? ಇವನು ಆಜ್ಞೆ ಮಾಡುತ್ತಿಲ್ಲ, ಒಪ್ಪಿಕೊಳ್ಳುತ್ತಲೂ ಇಲ್ಲ. ಮೋಡ ಕವಿದಿದೆ ಅನ್ನುವ ಹಾಗೆ ವರದಿ ಒಪ್ಪಿಸುತ್ತಿದ್ದಾನೆ.

ಹಿಂದೆ ಹೀಗಿರಲಿಲ್ಲ. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನ ನೋಡಿ. ಹಾಲೂಡಿಸುವಾಗಲೇ ತಾಯಿ ಕೂಸಿನ ಕಿವಿಯಲ್ಲಿ ಹೇಳಿದಳಂತೆ, ‘ಕೆರೆಯಂ ಕಟ್ಟಿಸು, ಬಾವಿಯಂ ಸವೆಸು’. ಕಟ್ಟಿಸು! ಮಧ್ಯಮ ಪುರುಷ, ಏಕವಚನ, ವಿಧ್ಯರ್ಥ. ತಪ್ಪಿಸಿಕೊಳ್ಳಲು ಕೂಸಿಗೆ ದಾರಿಯೇ ಇಲ್ಲ. ಅದೇ ತಾಯಿ ‘ಕಂದಾ, ಕೆರೆಗಳು ಕಟ್ಟಿಸಲ್ಪಡಬೇಕಾಗಿವೆ’ ಅಂದಿದ್ದರೆ ಮಗು ಹಾಯಾಗಿ ನಿದ್ದೆಹೋಗಿ, ಬೆಳೆದು, ಸಮಿತಿ ರಚಿಸುತ್ತಿತ್ತು.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿಯಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೆಯ ಹಂತ? ‘ಪರಿಶೀಲಿಸಲಾಗುತ್ತಿದೆ.’ ಆ ನೀರಿಗಾದರೂ ಬೆಂಗಳೂರಲ್ಲಿ ಸ್ನಾನ ಮಾಡಿದ ಒಬ್ಬ ಕರ್ತೃ ಇದ್ದ.

ಕೊನೆಗೆ ಪ್ರಶ್ನೋತ್ತರ. ಹಿಂದಿನ ಸಾಲಿನಿಂದ ಒಬ್ಬ ತಾತ ಎದ್ದ. “ಸಾಮಿ, ನಮ್ಮಪ್ಪ ನೀರುಗಂಟಿ. ತೂಬು ಎತ್ತಬೇಕಾಗಿದೆ ಅಂತ ಒಂದಿನಾನೂ ಅನ್ನಲಿಲ್ಲ. ಎತ್ತೋನು. ಎತ್ತದಿದ್ರೆ ಊರೋರು ಮನೆ ಮುಂದೆ ಬಂದು ಅವನ ಹೆಸರಿಡ್ಕೊಂಡು ಬೈಯೋರು. ಈಗ ಬೈಯೋಕೆ ನಮಗೊಂದು ಹೆಸರು ಕೊಡಿ ಸಾಮಿ.”

ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಮೈಕ್ ಹತ್ತಿರಕ್ಕೆಳೆದುಕೊಂಡು, “ಹಿರಿಯರ ಅಮೂಲ್ಯ ಸಲಹೆಯನ್ನು ದಾಖಲಿಸಿಕೊಳ್ಳಲಾಗಿದೆ” ಎಂದರು.

ಆಮೇಲೆ ನಿರೂಪಕರು ಬಂದು “ಎಲ್ಲರೂ ಊಟಕ್ಕೆ ಏಳಿ” ಅಂದರು. ಮೂರು ಗಂಟೆಯಲ್ಲಿ ವೇದಿಕೆಯಿಂದ ನಾನು ಕೇಳಿದ ಮೊದಲ ವಿಧ್ಯರ್ಥಕ ಕ್ರಿಯಾಪದ. ಇಡೀ ಸಭೆ ಆ ಕ್ಷಣವೇ ಪಾಲಿಸಿತು. ನಾನೂ ಎದ್ದೆ.